ಅಗ್ಗದ ದರದ ವಿಮಾನಗಳಲ್ಲಿ ಹೊಸ ಪೈಲಟ್: ಲೈಸೆನ್ಸಿನಿಂದ ಕುರ್ಚಿಯವರೆಗೆ

ದೇಶದಲ್ಲಿ ಪೈಲಟ್‌ಗಳ ಕೊರತೆಯಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಹಾರಾಟ ಕಲಿಸುವ ಶಾಲೆಗಳ ಜಾಹೀರಾತುಗಳೂ ಅಷ್ಟೇ ಬರುತ್ತವೆ. ಇವೆರಡನ್ನೂ ಒಟ್ಟಿಗೆ ಓದಿದವರು ಬ್ಯಾಂಕಿನ ಗುಮಾಸ್ತರಿರಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂಡುವವರಿರಲಿ, ಮಗನನ್ನೋ ಮಗಳನ್ನೋ ಪೈಲಟ್ ಮಾಡಿಸಿದರೆ ಹೇಗೆ ಎಂದು ಒಮ್ಮೆಯಾದರೂ ಯೋಚಿಸಿರುತ್ತಾರೆ. ಯೋಚನೆ ಮುಂದುವರಿದರೆ ಊರಿನ ಜಮೀನು, ಇಲ್ಲಿಯ ಎರಡು ಕೋಣೆಗಳ ಮನೆ ಇವುಗಳ ಕಾಗದಪತ್ರಗಳು ಕಪಾಟಿನಿಂದ ಹೊರಕ್ಕೆ ಬರುತ್ತವೆ.

ಕೊರತೆಯ ಸುದ್ದಿ ಸುಳ್ಳಲ್ಲ. ಆದರೆ ಅದು ಅರ್ಧ ಸುದ್ದಿ. ಬಹುಮಟ್ಟಿಗೆ ಕೊರತೆಯಿರುವುದು ಅನುಭವಸ್ಥ ಕ್ಯಾಪ್ಟನ್ನರದು. ಹೊಸದಾಗಿ ಲೈಸೆನ್ಸು ಪಡೆದವರು ಕೆಲಸಕ್ಕಾಗಿ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಕಾಯುವುದೂ ಇದೇ ದೇಶದಲ್ಲಿ ನಡೆಯುತ್ತಿದೆ. ಲೈಸೆನ್ಸು ಕೈಗೆ ಬಂದ ದಿನದಿಂದ ವಿಮಾನದ ಬಲಗಡೆಯ ಕುರ್ಚಿಯಲ್ಲಿ ಕೂರುವ ದಿನದವರೆಗೆ ಇರುವ ದಾರಿ ಎಷ್ಟು ಉದ್ದ, ಅದರ ಖರ್ಚು ಯಾರದು, ಕೂತ ಮೇಲೆ ಮುಂದೇನು ಎಂಬುದನ್ನು ವಾಚಕರಿಗೆ ತಿಳಿಸುವುದೇ ಈ ಪಾಠದ ಉದ್ದೇಶ.

ಅಗ್ಗದ ವಿಮಾನದ ಲೆಕ್ಕಾಚಾರ

ಭಾರತದಲ್ಲಿ ಅಗ್ಗದ ದರದ ವಿಮಾನಯಾನಕ್ಕೆ ನಾಂದಿ ಹಾಡಿದ್ದು ಬೆಂಗಳೂರು. 2003ರಲ್ಲಿ ಅಲ್ಲಿಂದ ಏರ್ ಡೆಕ್ಕನ್ ಆರಂಭವಾಯಿತು. ಅದನ್ನು ಕಟ್ಟಿದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಅವರ ಹೆಸರಿನ ಹಿಂದಿರುವ ‘ಕ್ಯಾಪ್ಟನ್’ ಸೈನ್ಯದ ಪದವಿ, ವಿಮಾನದ್ದಲ್ಲ. ಆಮೇಲೆ 2005ರಲ್ಲಿ ಸ್ಪೈಸ್‌ಜೆಟ್, 2006ರಲ್ಲಿ ಇಂಡಿಗೊ, 2022ರಲ್ಲಿ ಆಕಾಸಾ ಬಂದವು. ಏರ್ ಇಂಡಿಯಾದ ಅಗ್ಗದ ಶಾಖೆಯಾದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬೇರೆ ಇದೆ. ಇಂದು ದೇಶದೊಳಗೆ ವಿಮಾನದಲ್ಲಿ ಓಡಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಂಡಿಗೊ ಒಂದರಲ್ಲೇ ಪ್ರಯಾಣ ಮಾಡುತ್ತಾರೆ. ಆದುದರಿಂದ ಹೊಸ ಪೈಲಟ್ ಕೆಲಸ ಹುಡುಕಿದರೆ ಅವನಿಗೆ ಸಿಕ್ಕುವುದು ಹೆಚ್ಚಾಗಿ ಇಂತಹ ಕಂಪನಿಯೇ.

ಈ ಕಂಪನಿಗಳ ವ್ಯಾಪಾರದ ಗುಟ್ಟು ಹೋಟೆಲಿನಲ್ಲಿ ದುಡಿದವರಿಗೆ ಬೇಗ ತಿಳಿಯುತ್ತದೆ. ಮೇಜು ಖಾಲಿ ಬಿದ್ದಷ್ಟು ಹೊತ್ತು ಹೋಟೆಲಿಗೆ ನಷ್ಟ. ಹಾಗೆಯೇ ನೆಲದ ಮೇಲೆ ನಿಂತ ವಿಮಾನ ಬಾಡಿಗೆ ತಿನ್ನುತ್ತದೆ, ಹಾರುವ ವಿಮಾನ ಮಾತ್ರ ಸಂಪಾದಿಸುತ್ತದೆ. ಆದ್ದರಿಂದ ಇಳಿದ ವಿಮಾನವನ್ನು ಅರ್ಧ ಗಂಟೆಯೊಳಗೆ ಗುಡಿಸಿ, ಎಣ್ಣೆ ತುಂಬಿ, ಮತ್ತೆ ಮೇಲಕ್ಕೆ ಕಳಿಸುತ್ತಾರೆ. ಆದಷ್ಟು ಮಟ್ಟಿಗೆ ಒಂದೇ ಜಾತಿಯ ವಿಮಾನವನ್ನು ಇಟ್ಟುಕೊಳ್ಳುತ್ತಾರೆ. ಇಂಡಿಗೊದಲ್ಲಿ ಬಹುಪಾಲು ಏರ್‌ಬಸ್ 320ರ ಕುಟುಂಬ, ಆಕಾಸಾದಲ್ಲಿ ಬೋಯಿಂಗ್ 737. ಬಿಡಿಭಾಗ ಒಂದೇ ಬಗೆ, ರಿಪೇರಿ ಒಂದೇ ಬಗೆ, ಪೈಲಟ್‌ಗೆ ಕಲಿಸುವುದೂ ಒಂದೇ ಬಗೆ.

ಹೊಸ ಪೈಲಟ್‌ಗೆ ಇದರಿಂದ ಒಂದು ಲಾಭವೂ ಒಂದು ಭಾರವೂ ಇವೆ. ದಿನಕ್ಕೆ ಮೂರು ನಾಲ್ಕು ಸಲ ಏರಿಳಿಯುವ ಕೆಲಸವಾದ್ದರಿಂದ ಅವನ ಹಾರಾಟದ ಗಂಟೆಗಳೂ ಇಳಿಸುವ ಅಭ್ಯಾಸವೂ ಬೇಗ ಬೆಳೆಯುತ್ತವೆ, ಇದು ಲಾಭ. ಖರ್ಚನ್ನು ಕಾಸುಕಾಸಾಗಿ ಉಳಿಸುವ ಕಂಪನಿಯು ಅವನನ್ನು ತಯಾರು ಮಾಡುವ ಖರ್ಚನ್ನು ಬಹುಪಾಲು ಅವನ ತಲೆಯ ಮೇಲೆಯೇ ಹೊರಿಸುತ್ತದೆ; ಇದು ಭಾರ. ಬಸ್ಸಿನ ಡ್ರೈವರನಿಗೆ ಬಸ್ಸಿನ ಕಂಪನಿ ತಾನೇ ತರಬೇತಿ ಕೊಡುವಂತೆ ಇಲ್ಲಿಯೂ ಇರಬಹುದೆಂದು ನಂಬಿದವರಿಗೆ ನಿರಾಶೆ ಕಾದಿದೆ.

ಮೊದಲು ವೈದ್ಯರು, ಆಮೇಲೆ ಶಾಲೆ

ಸಂಬಳಕ್ಕಾಗಿ ವಿಮಾನ ಹಾರಿಸಲು ಬೇಕಾದದ್ದು ವಾಣಿಜ್ಯ ಪೈಲಟ್ ಲೈಸೆನ್ಸು. ಕೊಡುವವರು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಹದಿನೆಂಟು ವರ್ಷ ತುಂಬಿರಬೇಕು; ಒಟ್ಟು 200 ಗಂಟೆ ಹಾರಿರಬೇಕು, ಅದರಲ್ಲಿ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತಿರಬೇಕು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಬೇಕೆಂಬುದು ಬಹುಕಾಲದ ನಿಯಮ. ಅದನ್ನು ಸಡಿಲಿಸುವ ಮಾತು 2025ರಲ್ಲಿ ನಡೆದಿದೆ. ಆದರೂ ಕಾಮರ್ಸ್ ಓದಿದ ಹುಡುಗರು ಅದನ್ನು ನಂಬಿ ಕೂರದೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯಗಳನ್ನು ಕಟ್ಟಿ ಪಾಸು ಮಾಡಿಕೊಳ್ಳುವುದು ಲೇಸು. ಹಾಗೆ ಮಾಡಿ ಪೈಲಟ್ ಆದವರು ಇದ್ದಾರೆ. ಇದಲ್ಲದೆ ದಿಕ್ಕು ಕಂಡುಹಿಡಿಯುವ ವಿದ್ಯೆ, ಹವಾಮಾನ, ವಿಮಾನಯಾನದ ಕಾನೂನು, ಯಂತ್ರಜ್ಞಾನ ಇವುಗಳಲ್ಲಿ ಲಿಖಿತ ಪರೀಕ್ಷೆಗಳಿವೆ. 100ಕ್ಕೆ 70 ಅಂಕ ಬಂದರೆ ಪಾಸು. ರೇಡಿಯೋದಲ್ಲಿ ಮಾತನಾಡುವ ಪರೀಕ್ಷೆ ಬೇರೆ.

ಇಷ್ಟರಲ್ಲಿ ನಮ್ಮವರು ಹೆಚ್ಚಾಗಿ ತಪ್ಪುವುದು ಕ್ರಮದಲ್ಲಿ. ಮೊದಲು ಶಾಲೆಗೆ ಹಣ ಕಟ್ಟಿ, ಆಮೇಲೆ ವೈದ್ಯಪರೀಕ್ಷೆಗೆ ಹೋಗುತ್ತಾರೆ. ಇದು ತಲೆಕೆಳಗಾದ ಕೆಲಸ. ಪೈಲಟ್‌ಗೆ ಮೊದಲು ಎರಡನೆಯ ದರ್ಜೆಯ, ಆಮೇಲೆ ಮೊದಲನೆಯ ದರ್ಜೆಯ ವೈದ್ಯಪರೀಕ್ಷೆ ಆಗಬೇಕು. ಕಣ್ಣು, ಕಿವಿ, ಹೃದಯ, ರಕ್ತ ಎಲ್ಲವನ್ನೂ ನೋಡುತ್ತಾರೆ. ಕನ್ನಡಕ ಹಾಕಿದ ಮಾತ್ರಕ್ಕೆ ಬೇಡವೆನ್ನುವುದಿಲ್ಲ. ಆದರೆ ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ತೊಂದರೆ ದೊಡ್ಡದು, ಮತ್ತು ಅಂತಹ ದೋಷವಿರುವುದು ಎಷ್ಟೋ ಹುಡುಗರಿಗೆ ಇಪ್ಪತ್ತು ವರ್ಷದವರೆಗೂ ತಿಳಿದೇ ಇರುವುದಿಲ್ಲ. ಮೊದಲನೆಯ ದರ್ಜೆಯ ಪರೀಕ್ಷೆ ನಡೆಸುವ ಹೆಸರಾದ ಸ್ಥಳಗಳಲ್ಲಿ ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಸಂಸ್ಥೆಯೂ ಒಂದು. ಈ ಎರಡು ಪರೀಕ್ಷೆಗಳ ಖರ್ಚು ಶಾಲೆಯ ಶುಲ್ಕದ ಎದುರು ಏನೇನೂ ಅಲ್ಲ. ಅವು ಮುಗಿಯುವ ತನಕ ಯಾವ ಶಾಲೆಗೂ ಒಂದು ಕಂತನ್ನೂ ಕಟ್ಟಬೇಡಿ.

ಶಾಲೆಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕೇಂದ್ರ ಸರ್ಕಾರದ್ದು ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿದೆ. ಅದರ ಹೆಸರು ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ, ಸೇರಲು ಪ್ರವೇಶ ಪರೀಕ್ಷೆಯುಂಟು, ಮೀಸಲಾತಿಯೂ ಉಂಟು. ಮಹಾರಾಷ್ಟ್ರದ ಗೋಂದಿಯಾದಲ್ಲಿ ಇನ್ನೊಂದು ದೊಡ್ಡ ಶಾಲೆ. ಹೈದರಾಬಾದಿನವರಿಗೆ ಬೇಗಂಪೇಟೆ ಹತ್ತಿರ. ಬೆಂಗಳೂರಿನ ಜಕ್ಕೂರಿನಲ್ಲಿ ಮೈಸೂರು ಸರ್ಕಾರದ ಕಾಲದಿಂದ ಬಂದ ಸರ್ಕಾರಿ ಶಾಲೆಯಿದೆ. ಈಚೆಗೆ ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲಿಯೂ ಖಾಸಗಿ ಶಾಲೆಗಳಿಗೆ ಸ್ಥಳ ಕೊಡಲಾಗಿದೆ. ಎಲ್ಲಿಯೇ ಸೇರಿದರೂ ಖರ್ಚು ಅರ್ಧ ಕೋಟಿಯ ಆಚೀಚೆ ಎಂದೇ ಭಾವಿಸಬೇಕು. ಕಡಿಮೆ ಹೇಳುವ ಶಾಲೆ ಊಟ, ವಸತಿ, ಪರೀಕ್ಷಾ ಶುಲ್ಕಗಳನ್ನು ಬಿಟ್ಟು ಹೇಳುತ್ತಿರಬಹುದು.

ಶಾಲೆಗೆ ಹೋಗಿ ಕೇಳಬೇಕಾದ ಪ್ರಶ್ನೆ ‘ಶುಲ್ಕ ಎಷ್ಟು’ ಎಂಬುದೊಂದೇ ಅಲ್ಲ. ಈ ದಿನ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಕಲಿಸುವವರೆಷ್ಟು ಮಂದಿ, ಕಳೆದ ವರ್ಷ ಸೇರಿದವರಲ್ಲಿ 200 ಗಂಟೆ ಮುಗಿಸಿದವರೆಷ್ಟು, ಅದಕ್ಕೆ ಅವರಿಗೆ ಹಿಡಿದ ಕಾಲವೆಷ್ಟು ಎಂದು ಕೇಳಬೇಕು. ಉತ್ತರವನ್ನು ಕಚೇರಿಯ ಕೋಣೆಯಲ್ಲಿ ಕೇಳದೆ ಮೈದಾನದ ಬದಿಯಲ್ಲಿ ಕಾದು ಕೂತ ವಿದ್ಯಾರ್ಥಿಗಳಿಂದ ಕೇಳುವುದು ಉತ್ತಮ. ಒಂದೂವರೆ ವರ್ಷದ ವ್ಯಾಸಂಗ ಮೂರು ವರ್ಷಕ್ಕೆ ಎಳೆದರೆ ಸಾಲದ ಬಡ್ಡಿಯೇನೂ ಕಾಯುತ್ತ ಕೂರುವುದಿಲ್ಲ.

ಲೈಸೆನ್ಸು ಬಂತು, ಕೆಲಸ ಬರಲಿಲ್ಲ

ಡಿಜಿಸಿಎ 2022ರಲ್ಲಿ 1,165 ವಾಣಿಜ್ಯ ಲೈಸೆನ್ಸುಗಳನ್ನು ಕೊಟ್ಟಿತು, 2023ರಲ್ಲಿ 1,622. ವಿಮಾನಗಳ ಆರ್ಡರುಗಳೂ ಆ ಕಾಲದಲ್ಲೇ ಭಾರಿಯಾಗಿ ಆದವು. 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಇಂಡಿಗೊ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ಜಾಹೀರಾತುಗಳಲ್ಲಿ ಕಾಣುವುದು ಈ ಎರಡನೆಯ ಅಂಕಿಗಳೇ. ಆದರೆ ಆರ್ಡರು ಮಾಡಿದ ವಿಮಾನ ಮರುದಿನ ಬರುವುದಿಲ್ಲ. ಹತ್ತು ಹನ್ನೆರಡು ವರ್ಷಗಳಲ್ಲಿ ಒಂದೊಂದಾಗಿ ಬರುತ್ತದೆ. ಲೈಸೆನ್ಸು ಪಡೆದ ಹುಡುಗನ ಸಾಲದ ಕಂತು ಮಾತ್ರ ಮರುತಿಂಗಳೇ ಬಂದು ಬಾಗಿಲು ತಟ್ಟುತ್ತದೆ.

ಇನ್ನೊಂದು ಮಾತು. ಈ 200 ಗಂಟೆಗಳನ್ನು ಅವನು ಹಾರಿರುವುದು ಎರಡು ನಾಲ್ಕು ಜನ ಕೂರುವ ಸಣ್ಣ ವಿಮಾನದಲ್ಲಿ. ಆ ಲೈಸೆನ್ಸಿನಿಂದ 180 ಜನರ ಜೆಟ್ ವಿಮಾನದ ಬಾಗಿಲನ್ನೂ ದಾಟುವಂತಿಲ್ಲ. ಅದಕ್ಕೆ ಆ ಜಾತಿಯ ವಿಮಾನದ ಪ್ರತ್ಯೇಕ ಅರ್ಹತೆ ಬೇಕು. ಇದನ್ನು ಟೈಪ್ ರೇಟಿಂಗ್ ಎನ್ನುತ್ತಾರೆ. ಇದಕ್ಕೆ ಮತ್ತೆ 10 ಲಕ್ಷಕ್ಕೂ ಮಿಕ್ಕಿ ಖರ್ಚು. ಕೆಲವರು ಕೆಲಸ ಸಿಕ್ಕುವ ಮೊದಲೇ ಸ್ವಂತ ಹಣದಿಂದ ಏರ್‌ಬಸ್ ರೇಟಿಂಗ್ ಮಾಡಿಸಿಕೊಳ್ಳುತ್ತಾರೆ, ಕೆಲಸ ಬೇಗ ಸಿಕ್ಕೀತೆಂದು. ನನ್ನ ಅಭಿಪ್ರಾಯದಲ್ಲಿ ಇದು ಬಹಳ ಎಚ್ಚರದಿಂದ ಇಡಬೇಕಾದ ಹೆಜ್ಜೆ. ಕರೆದ ಕಂಪನಿ ಬೋಯಿಂಗ್ ಹಾರಿಸುವುದಾದರೆ ಆ ಹಣ ಅಲ್ಲಿಗೆ ನೀರುಪಾಲು. ತಿಂಗಳುಗಟ್ಟಲೆ ಹಾರದೆ ಕೂತರೆ ರೇಟಿಂಗನ್ನು ಮತ್ತೆ ಹಸಿರಾಗಿಸಲು ಮತ್ತೆ ಹಣ.

ಇದಕ್ಕೆ ಪರ್ಯಾಯವಾಗಿ ಕಂಪನಿಗಳು ‘ಕೆಡೆಟ್’ ಯೋಜನೆ ನಡೆಸುತ್ತವೆ. ಕಂಪನಿ ತಾನೇ ಹುಡುಗರನ್ನು ಪರೀಕ್ಷಿಸಿ ಆರಿಸಿ, ತಾನು ಗೊತ್ತುಮಾಡಿದ ಶಾಲೆಗೆ ಕಳಿಸಿ, ಲೈಸೆನ್ಸು ಮತ್ತು ಟೈಪ್ ರೇಟಿಂಗ್ ಎರಡನ್ನೂ ಮಾಡಿಸಿ, ಕೊನೆಗೆ ಕೆಲಸಕ್ಕೆ ಕರೆಯುತ್ತದೆ. ಆಯ್ಕೆ ಮೊದಲೇ ಆಗುವುದರಿಂದ ಇದು ಹೆಚ್ಚು ಭದ್ರವಾದ ದಾರಿ. ಆದರೆ ಒಟ್ಟು ಖರ್ಚು ಒಂದು ಕೋಟಿಯ ಸುತ್ತಮುತ್ತ, ಕಟ್ಟುವವರು ನಾವು. ಕರಾರಿನ ಕಾಗದದಲ್ಲಿ ಕೆಲಸದ ಮಾತು ‘ಕೊಡಲಾಗುವುದು’ ಎಂದಿದೆಯೋ, ‘ಷರತ್ತುಗಳಿಗೊಳಪಟ್ಟು, ಅವಶ್ಯಕತೆಯಿದ್ದಲ್ಲಿ’ ಎಂದಿದೆಯೋ ನೋಡಬೇಕು. ದಿನವೂ ಕಾಗದಪತ್ರಗಳ ನಡುವೆ ಬದುಕುವ ಗುಮಾಸ್ತರಿಗೆ ಈ ಎರಡು ವಾಕ್ಯಗಳ ಅಂತರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸಕ್ಕೆ ಸೇರಿದ ಮೇಲಿನ ಪಾಠಗಳು

ಆಯ್ಕೆಯಾದ ಹುಡುಗ ಮೊದಲು ಕೂರುವುದು ತರಗತಿಯಲ್ಲಿ, ವಿಮಾನದಲ್ಲಲ್ಲ. ಕಂಪನಿಯ ನಿಯಮಗಳು, ಅಪಾಯಕಾರಿ ಸರಕುಗಳು, ಬೆಂಕಿ ಆರಿಸುವುದು, ತುರ್ತುಬಾಗಿಲಿನಿಂದ ಜನರನ್ನು ಇಳಿಸುವುದು, ಮಳೆಗಾಲದ ಹಾರಾಟ. ನಮ್ಮ ದೇಶದಲ್ಲಿ ಮುಂಗಾರಿಗೆಂದೇ ಪ್ರತ್ಯೇಕ ಪಾಠವಿರುವುದು ಗಮನಾರ್ಹ.

ಆಮೇಲೆ ಸಿಮ್ಯುಲೇಟರ್. ಇದು ನೆಲದ ಮೇಲೆ ಕಬ್ಬಿಣದ ಕಾಲುಗಳ ಮೇಲೆ ನಿಂತ ಕೋಣೆ. ಒಳಗೆ ನಿಜವಾದ ವಿಮಾನದ ಚಾಲಕಕೋಣೆಯೇ ಇದ್ದು, ಕಿಟಕಿಯಲ್ಲಿ ಆಕಾಶ, ರನ್‌ವೇ, ಮಳೆ ಎಲ್ಲವೂ ಕಾಣುತ್ತವೆ, ಕೋಣೆ ಓಲಾಡುತ್ತದೆ. ನಿಜವಾದ ವಿಮಾನದಲ್ಲಿ ಅಭ್ಯಾಸ ಮಾಡಲಾಗದ ಆಪತ್ತುಗಳನ್ನು ಇಲ್ಲಿ ದಿನಕ್ಕೆ ಹತ್ತು ಸಲ ಮಾಡಿಸುತ್ತಾರೆ. ಮೇಲಕ್ಕೇಳುವ ಘಳಿಗೆಯಲ್ಲೇ ಒಂದು ಎಂಜಿನ್ ನಿಂತಿತು, ಏನು ಮಾಡುವೆ? ಎಂಜಿನ್ನಿಗೆ ಬೆಂಕಿ ಹತ್ತಿತು, ಏನು ಮಾಡುವೆ? ಒಳಗಿನ ಗಾಳಿಯ ಒತ್ತಡ ಇಳಿಯಿತು, ಏನು ಮಾಡುವೆ? ಒಬ್ಬ ಓದಿ ಹೇಳಬೇಕು, ಇನ್ನೊಬ್ಬ ಮಾಡಬೇಕು. ಸಿಮ್ಯುಲೇಟರಿನ ಪರೀಕ್ಷೆ ಕೆಲಸ ಖಾಯಂ ಆದ ಮೇಲೂ ಬಿಡುವುದಿಲ್ಲ. ಆರು ತಿಂಗಳಿಗೊಮ್ಮೆ ನಿವೃತ್ತಿಯವರೆಗೂ ಬರುತ್ತದೆ. ವೈದ್ಯಪರೀಕ್ಷೆಯೂ ನಿವೃತ್ತಿಯವರೆಗೆ ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಪಾಸಾಗಿ ಮೂವತ್ತು ವರ್ಷ ನಿಶ್ಚಿಂತೆಯಿಂದ ಕೂರುವ ನೌಕರಿ ಇದಲ್ಲ.

ಇದಾದ ಬಳಿಕ ಜನರಿಲ್ಲದ ವಿಮಾನದಲ್ಲಿ ಏರಿಳಿಯುವ ಅಭ್ಯಾಸ. ಅನಂತರ ಜನರಿರುವ ವಿಮಾನದಲ್ಲಿ, ಕಲಿಸುವ ಅಧಿಕಾರ ಪಡೆದ ಕ್ಯಾಪ್ಟನ್ನರ ಪಕ್ಕದಲ್ಲಿ ಕೂತು ಹತ್ತಾರು ಪ್ರಯಾಣ. ಆರಂಭದ ಹಾರಾಟಗಳಲ್ಲಿ ಹಿಂದಿನ ಕುರ್ಚಿಯಲ್ಲಿ ಮೂರನೆಯ ಪೈಲಟ್ ಒಬ್ಬರು ರಕ್ಷಣೆಗಾಗಿ ಕೂತಿರುತ್ತಾರೆ. ಕೊನೆಗೆ ಪರೀಕ್ಷಕರು ‘ಸರಿ’ ಎಂದ ದಿನ ಅವನು ಕೋ-ಪೈಲಟ್, ಅಂದರೆ ಫಸ್ಟ್ ಆಫೀಸರ್. ಸೇರಿದ ದಿನದಿಂದ ಇಲ್ಲಿಯವರೆಗೆ ತಿಂಗಳುಗಳೇ ಕಳೆದಿರುತ್ತವೆ. ಈ ಅವಧಿಯಲ್ಲಿ ಪೂರ್ಣ ಸಂಬಳ ಸಿಕ್ಕುವುದಿಲ್ಲವೆಂಬುದನ್ನು ಮನೆಯವರು ನೆನಪಿಡಬೇಕು.

ಈ ಪಾಠಗಳಲ್ಲಿ ಒಂದನ್ನು ಕುರಿತು ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. ಅದು ಯಂತ್ರದ ಪಾಠವಲ್ಲ, ಮಾತಿನ ಪಾಠ. 2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇಯನ್ನು ದಾಟಿ ಕೆಳಗಿನ ಕಮರಿಗೆ ಬಿದ್ದು ಉರಿಯಿತು. ಇದ್ದ 166 ಜನರಲ್ಲಿ 158 ಜನ ತೀರಿಕೊಂಡರು. ಅವರಲ್ಲಿ ಕರಾವಳಿಯ ಎಷ್ಟೋ ಮನೆಗಳವರು ಇದ್ದರು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇದು. ಬಹಳ ಅನುಭವವಿದ್ದ ಕ್ಯಾಪ್ಟನ್ನರು ದಾರಿಯಲ್ಲಿ ದೀರ್ಘಕಾಲ ನಿದ್ರಿಸಿದ್ದರು. ಎದ್ದು ಇಳಿಸಲು ಹೊರಟಾಗ ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಪಕ್ಕದ ಕೋ-ಪೈಲಟ್ ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಕೇಳಲಿಲ್ಲ.

ಮೇಲಿನವರು ತಪ್ಪುತ್ತಿರುವುದು ಕಂಡಾಗ ಕೆಳಗಿನವನು ಏನು ಮಾಡಬೇಕು? ನಮ್ಮ ಆಫೀಸುಗಳಲ್ಲಿ ನಾವು ಒಮ್ಮೆ ಮೆಲ್ಲಗೆ ಹೇಳಿ ಸುಮ್ಮನಾಗುತ್ತೇವೆ. ಫೈಲು ತಪ್ಪಾದರೆ ತಿದ್ದಬಹುದು. ವಿಮಾನದಲ್ಲಿ ಆ ಸೌಲಭ್ಯವಿಲ್ಲ. ಆದುದರಿಂದ ಹೊಸ ಕೋ-ಪೈಲಟ್‌ಗೆ ಇದನ್ನು ಪಾಠವಾಗಿಯೇ ಕಲಿಸುತ್ತಾರೆ: ಮೊದಲು ಕಂಡದ್ದನ್ನು ಹೇಳು, ಆಮೇಲೆ ಆಗಬೇಕಾದದ್ದನ್ನು ಸ್ಪಷ್ಟವಾಗಿ ಹೇಳು, ಆಗಲೂ ಉತ್ತರ ಬರದಿದ್ದರೆ ಹಿಡಿತವನ್ನು ನೀನೇ ತೆಗೆದುಕೋ. ಇಪ್ಪತ್ತೆರಡು ವರ್ಷದ ಹುಡುಗಿ, ತನ್ನ ತಂದೆಯ ವಯಸ್ಸಿನ ಕ್ಯಾಪ್ಟನ್ನರಿಗೆ ‘ಸರ್, ಇಳಿಸಬೇಡಿ’ ಎಂದು ಗಟ್ಟಿಯಾಗಿ ಹೇಳುವುದು ಸುಲಭವಲ್ಲ. ಹಿರಿಯರೆದುರು ದನಿಯೆತ್ತಬಾರದೆಂದು ಬೆಳೆಸಿದ ಮನೆಗಳಿಂದ ಬಂದ ಮಕ್ಕಳಿಗೆ ಎಂಜಿನ್ ಕೆಟ್ಟ ಪಾಠಕ್ಕಿಂತ ಇದೇ ಕಠಿಣವೆಂದು ನನಗೆ ತೋರುತ್ತದೆ.

ಹುಡುಗಿ ಎಂದು ಬರೆದದ್ದು ಸುಮ್ಮನೆ ಅಲ್ಲ. ಭಾರತದ ಪೈಲಟ್‌ಗಳಲ್ಲಿ ಹೆಂಗಸರು 100ಕ್ಕೆ ಸುಮಾರು 15. ಲೋಕದ ಸರಾಸರಿ ಸುಮಾರು 5. ಈ ಉದ್ಯೋಗದಲ್ಲಿ ನಮ್ಮ ದೇಶ ಮುಂದಿರುವ ಸಂಗತಿಗಳಲ್ಲಿ ಇದೂ ಒಂದು.

ಮೂರು ಪಟ್ಟೆಯಿಂದ ನಾಲ್ಕು ಪಟ್ಟೆಗೆ

ಕೋ-ಪೈಲಟ್ ವರ್ಷಕ್ಕೆ ಹೆಚ್ಚೆಂದರೆ 1,000 ಗಂಟೆ ಹಾರಬಹುದು. ನಿಯಮ ಇದಕ್ಕಿಂತ ಹೆಚ್ಚು ಬಿಡುವುದಿಲ್ಲ. ಅಗ್ಗದ ಕಂಪನಿಗಳಲ್ಲಿ ಒಳ್ಳೆಯ ವರ್ಷದಲ್ಲಿ 700, 800 ಗಂಟೆಗಳಾದರೂ ಆಗುತ್ತವೆ. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸಿಗೆ 1,500 ಗಂಟೆ ಮತ್ತು ಬೇರೆ ಪರೀಕ್ಷೆಗಳಿವೆ. ಕಂಪನಿಗಳು ತಮ್ಮದೇ ಆದ ಹೆಚ್ಚಿನ ಗಂಟೆಗಳನ್ನೂ ಕೇಳುತ್ತವೆ. ಕಂಪನಿ ಬೆಳೆಯುತ್ತಿರುವ ಕಾಲದಲ್ಲಿ ನಾಲ್ಕಾರು ವರ್ಷಗಳಲ್ಲಿ ನಾಲ್ಕನೆಯ ಪಟ್ಟೆ ಭುಜಕ್ಕೆ ಬರಬಹುದು. ಕಂಪನಿ ನಿಂತ ನೀರಾದರೆ ಅರ್ಹತೆಯಿದ್ದೂ ಕಾಯಬೇಕು. ಕ್ಯಾಪ್ಟನ್ನರ ಸಂಬಳ ಕೋ-ಪೈಲಟ್‌ನದಕ್ಕಿಂತ ಹಲವು ಪಾಲು ಹೆಚ್ಚು. ಪತ್ರಿಕೆಗಳಲ್ಲಿ ಬರುವ ಕಣ್ಣು ಕುಕ್ಕುವ ಅಂಕಿಗಳು ಅವರವು, ಹೊಸಬರದಲ್ಲ. ಹಲವು ಕಂಪನಿಗಳಲ್ಲಿ ಸಂಬಳದ ಒಂದು ಭಾಗ ಹಾರಿದ ಗಂಟೆಗಳ ಮೇಲೆ ನಿಂತಿದೆ.

ಈಗ ಸಾಲದ ಲೆಕ್ಕ. 60 ಲಕ್ಷ ರೂಪಾಯಿ ಸಾಲ, ನೂರಕ್ಕೆ 10 ಬಡ್ಡಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 6 ಲಕ್ಷ ಬಡ್ಡಿ. ವ್ಯಾಸಂಗಕ್ಕೆ ಎರಡು ವರ್ಷ, ಕೆಲಸಕ್ಕೆ ಕಾದದ್ದು ಒಂದು ವರ್ಷ. ಬಡ್ಡಿಗೆ ಬಡ್ಡಿ ಬಿಟ್ಟರೂ 18 ಲಕ್ಷ ಸೇರಿ ಸಾಲ 78 ಲಕ್ಷವಾಯಿತು. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳ ಕಂತು ಸುಮಾರು 1,03,000 ರೂಪಾಯಿ. ಕಾಯದೆ, ಬಡ್ಡಿಯನ್ನು ಆಗಾಗಲೇ ಕಟ್ಟಿಕೊಂಡು ಬಂದಿದ್ದರೆ ಕಂತು 79,000ದ ಸುಮಾರು ಇರುತ್ತಿತ್ತು. ಒಂದು ಕೋಟಿ ಸಾಲಕ್ಕೆ ಕಂತು 1,32,000. ಏಳೂವರೆ ಲಕ್ಷ ದಾಟಿದ ವಿದ್ಯಾಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತದೆ. ಕೆಲಸ ತಡವಾದರೆ ಬ್ಯಾಂಕು ಕೈಯಿಡುವುದು ಆ ಆಸ್ತಿಯ ಮೇಲೆ. ಲೈಸೆನ್ಸು ಬಂದ ಮೇಲೆ ಎರಡು ವರ್ಷ ಕೆಲಸವಿಲ್ಲದಿದ್ದರೂ ಮನೆ ಉಳಿಯುತ್ತದೆಯೇ ಎಂಬ ಒಂದು ಲೆಕ್ಕವನ್ನು ಸಹಿ ಹಾಕುವ ಮುನ್ನ ಕಾಗದದ ಮೇಲೆ ಮಾಡಲೇಬೇಕು. ಉತ್ತರ ‘ಇಲ್ಲ’ ಎಂದು ಬಂದರೆ ಫುರ್ಸತ್‌ಗಂಜ್‌ನ ಪ್ರವೇಶ ಪರೀಕ್ಷೆಗೋ, ವಾಯುಪಡೆಯ ಪರೀಕ್ಷೆಗೋ ಓದಿಸಿ. ವಾಯುಪಡೆಯಲ್ಲಿ ಹಾರಾಟ ಕಲಿಸುವ ಖರ್ಚು ಸರ್ಕಾರದ್ದು, ಮತ್ತು ಅಲ್ಲಿಂದ ನಿವೃತ್ತರಾಗಿ ಬಂದವರನ್ನು ಕಂಪನಿಗಳು ಆದರದಿಂದ ಕರೆಯುತ್ತವೆ.

ಕೆಲಸ ಸಿಕ್ಕಿದರೂ ಕಂಪನಿ ಉಳಿಯಬೇಕಲ್ಲ! ಏರ್ ಡೆಕ್ಕನ್ 2008ರ ಹೊತ್ತಿಗೆ ಕಿಂಗ್‌ಫಿಷರ್‌ನಲ್ಲಿ ಲೀನವಾಯಿತು. ಕಿಂಗ್‌ಫಿಷರ್ 2012ರಲ್ಲಿ ಸಂಬಳ ಬಾಕಿ ಇರುವಾಗಲೇ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಅಗ್ಗದ ದರದ ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತು, 2025ರ ಜನವರಿಯಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರಲು ಆಜ್ಞೆಯಾಯಿತು. ಇಂತಹ ಸಮಯದಲ್ಲಿ ಕ್ಯಾಪ್ಟನ್ನರಿಗೆ ಬೇರೆ ಕಂಪನಿ ಸಿಕ್ಕುತ್ತದೆ. 300, 400 ಗಂಟೆಗಳ ಕೋ-ಪೈಲಟ್ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾನೆ. ಇತ್ತ ತಾನಾಗಿ ಬಿಡಬೇಕೆಂದರೆ, 2017ರ ನಿಯಮದ ಪ್ರಕಾರ ಕೋ-ಪೈಲಟ್ ಆರು ತಿಂಗಳು, ಕ್ಯಾಪ್ಟನ್ ಒಂದು ವರ್ಷ ಮುಂಚೆ ನೋಟೀಸು ಕೊಡಬೇಕು. ತರಬೇತಿಯ ಬಾಂಡ್ ಬೇರೆ ಇದ್ದರೆ ಅದರ ಹಣ ಬೇರೆ.

ದಣಿವಿನ ವಿಷಯವನ್ನೂ ಮುಚ್ಚಿಡಬಾರದು. ಬೆಳಗಿನ ನಾಲ್ಕಕ್ಕೆ ಗಾಡಿ ಬಂದು ಕರೆದೊಯ್ಯುವುದು, ಮರುದಿನ ರಾತ್ರಿಯ ಪಾಳಿ, ಹಬ್ಬದ ದಿನವೇ ಹೆಚ್ಚು ಕೆಲಸ. ಡಿಜಿಸಿಎ 2024ರಲ್ಲಿ ಪ್ರಕಟಿಸಿದ ಹೊಸ ನಿಯಮ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು, ರಾತ್ರಿಯ ಇಳಿತಗಳನ್ನು ಆರರಿಂದ ಎರಡಕ್ಕೆ ಇಳಿಸಿತು. 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಕಂತುಗಳಲ್ಲಿ ಅದು ಜಾರಿಗೆ ಬಂತು. ಡಿಸೆಂಬರ್‌ನಲ್ಲಿ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾಗಿ, ನಿಲ್ದಾಣಗಳಲ್ಲಿ ಜನ ಹಾಸಿಗೆ ಹಾಸಿ ಮಲಗಿದರು. ಆ ಕಂಪನಿಗೆ ನಿಯಮದ ಕೆಲವು ಭಾಗಗಳಿಂದ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಪೈಲಟ್‌ಗಳಿಗೆ ಹೆಚ್ಚು ನಿದ್ದೆ ಕೊಡಬೇಕಾದರೆ ಹೆಚ್ಚು ಪೈಲಟ್‌ಗಳು ಬೇಕು ಎಂಬ ಸರಳ ಲೆಕ್ಕ ಅಂದು ಎಲ್ಲರಿಗೂ ಕಂಡಿತು. ಹೊಸದಾಗಿ ಲೈಸೆನ್ಸು ಪಡೆದು ಕಾಯುತ್ತಿರುವವರಿಗೆ ಇದು ಶುಭಸೂಚನೆಯೇ. ಆದರೆ ಅಂದು ಕರೆದರೂ ಅವರು ತರಗತಿ, ಸಿಮ್ಯುಲೇಟರ್, ಕಲಿಸುವ ಕ್ಯಾಪ್ಟನ್ನರ ಪಕ್ಕದ ಕುರ್ಚಿ ಇವನ್ನೆಲ್ಲ ದಾಟಿ ಕೆಲಸಕ್ಕೆ ಒದಗುವುದು ಎಷ್ಟೋ ತಿಂಗಳ ಮೇಲೆ.